ಕಾರಿನ ‘ರೀಕಾಲ್’ ಮತ್ತು ಉಚಿತ ರಿಪೇರಿ: ಪತ್ರ ಬಾರದವರು ತಿಳಿದಿರಬೇಕಾದ ವಿಷಯ

ನಮ್ಮ ಸಂಘದ ಸದಸ್ಯರಲ್ಲಿ ಈಗ ಕಾರಿಲ್ಲದ ಮನೆಗಳು ಕಡಿಮೆ. ಆದರೆ ಶೋರೂಮಿಗೆ ಹೋಗಿ ಹೊಸ ಕಾರನ್ನೇ ತಂದವರು ಅಷ್ಟಿಲ್ಲ. ಮೂರು ನಾಲ್ಕು ಎಕರೆ ಕಾಫಿ, ಒಂದೆರಡು ಎಕರೆ ಅಡಿಕೆಯ ಹುಟ್ಟುವಳಿಯನ್ನು ನಂಬಿದವರು ಒಬ್ಬರು ಓಡಿಸಿಬಿಟ್ಟ ಗಾಡಿಯನ್ನೇ ಕೊಳ್ಳುವುದು ಸಹಜ. ಮಲೆನಾಡಿನ ಮಳೆಯಲ್ಲಿ ನೆನೆದ ಗಾಡಿಗಿಂತ ಬಯಲುಸೀಮೆಯ ಒಣ ಹವೆಯಲ್ಲಿದ್ದ ಗಾಡಿಗೆ ತುಕ್ಕು ಕಡಿಮೆ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಆದುದರಿಂದ ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಬಂದ, ಕೆಎ 38, ಕೆಎ 39, ಕೆಎ 56 ಎಂಬ ನಂಬರಿನ ಗಾಡಿಗಳು ಇತ್ತೀಚೆಗೆ ಸಂಘದ ಗೋದಾಮಿನ ಮುಂದೆಯೂ ನಿಲ್ಲತೊಡಗಿವೆ.

ಇಂಥ ಗಾಡಿಯನ್ನು ಕೊಳ್ಳುವಾಗ ಎಂಜಿನ್ನು ನೋಡುತ್ತೇವೆ, ಟಯರು ನೋಡುತ್ತೇವೆ, ವಿಮೆಯ ಕಾಗದ ನೋಡುತ್ತೇವೆ. ಒಂದನ್ನು ಮಾತ್ರ ನೋಡುವುದಿಲ್ಲ. ಆ ಗಾಡಿಯನ್ನು ತಯಾರಿಸಿದ ಕಂಪನಿಯೇ ‘ಇದರಲ್ಲಿ ದೋಷವಿರಬಹುದು, ತನ್ನಿ, ಖರ್ಚಿಲ್ಲದೆ ಸರಿಪಡಿಸಿಕೊಡುತ್ತೇವೆ’ ಎಂದು ಕರೆದಿತ್ತೇ, ಕರೆದಿದ್ದರೆ ಹಿಂದಿನ ಮಾಲೀಕರು ಹೋಗಿದ್ದರೇ ಎಂಬುದು. ಈ ಕರೆಗೆ ‘ರೀಕಾಲ್’ ಎಂದು ಹೆಸರು. ಈ ಸಂಚಿಕೆಯಲ್ಲಿ ಅದನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇವೆ.

ರೀಕಾಲ್ ಎಂದರೇನು?

‘ಇಂಥ ಕಂಪನಿ ಇಷ್ಟು ಸಾವಿರ ಕಾರುಗಳನ್ನು ವಾಪಸ್ ಕರೆಸಿಕೊಂಡಿದೆ’ ಎಂದು ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತದೆ. ಇದನ್ನು ಓದಿ ಕಂಪನಿಯವರು ಗಾಡಿಯನ್ನೇ ಕಿತ್ತುಕೊಂಡು ಹೋಗುತ್ತಾರೆಂದು ಗಾಬರಿಯಾದವರುಂಟು. ಹಾಗೇನೂ ಇಲ್ಲ. ಕಾರ್ಖಾನೆಯಲ್ಲಿ ಒಂದು ಅವಧಿಯಲ್ಲಿ ತಯಾರಾದ ಗಾಡಿಗಳಿಗೆ ಹಾಕಿದ ಯಾವುದೋ ಒಂದು ಭಾಗದಲ್ಲಿ ಲೋಪವಿರಬಹುದೆಂದು ಕಂಪನಿಗೆ ಗೊತ್ತಾಗುತ್ತದೆ. ಆ ಗಾಡಿಗಳ ಚಾಸಿಸ್ ನಂಬರುಗಳನ್ನು ಪಟ್ಟಿ ಮಾಡಿ, ಮಾಲೀಕರಿಗೆ ತಿಳಿಸಿ, ಅಧಿಕೃತ ಡೀಲರರ ವರ್ಕ್‌ಶಾಪಿನಲ್ಲಿ ಪರೀಕ್ಷೆ ಮಾಡಿಸಿ, ಬೇಕಾದರೆ ಆ ಭಾಗವನ್ನು ಬದಲಿಸಿ ಗಾಡಿಯನ್ನು ಮರಳಿ ಕೊಡುತ್ತಾರೆ. ಭಾಗದ ಬೆಲೆಯೂ ಇಲ್ಲ, ಕೂಲಿಯೂ ಇಲ್ಲ.

ಬೆಳೆಗಾರರಿಗೆ ಇದು ತಿಳಿಯದ ನ್ಯಾಯವಲ್ಲ. ಒಂದೇ ನರ್ಸರಿಯ ಒಂದೇ ಪಾತಿಯ ಸಸಿಗಳಲ್ಲಿ ಹತ್ತು ಸಸಿಗೆ ಬೇರಿನ ರೋಗ ಕಂಡರೆ, ಅದೇ ಪಾತಿಯಿಂದ ಒಯ್ದ ಎಲ್ಲರಿಗೂ ಹೇಳಿ ಕಳುಹಿಸುತ್ತೇವೆ. ಅವರ ತೋಟದಲ್ಲಿ ಸಸಿ ಹಸಿರಾಗಿಯೇ ಇರಬಹುದು, ಆದರೂ ಹೇಳುತ್ತೇವೆ. ಅರೇಬಿಕಾ ಗಿಡದ ಕಾಂಡದೊಳಗೆ ಬಿಳಿ ಕಾಂಡಕೊರಕ ಸೇರಿಕೊಂಡಾಗ ಹೊರಗಿನ ಎಲೆ ಕೆಲಕಾಲ ಚೆನ್ನಾಗಿಯೇ ಕಾಣುತ್ತದೆ. ಎಲೆ ಹಳದಿಯಾಗುವ ತನಕ ಕಾದವರಿಗೆ ಗಿಡವೂ ಇಲ್ಲ, ಪಕ್ಕದ ಗಿಡವೂ ಇಲ್ಲ. ಗಾಡಿಯ ವಿಷಯವೂ ಹೀಗೆಯೇ. ‘ನನ್ನ ಗಾಡಿ ಚೆನ್ನಾಗಿ ಓಡುತ್ತಿದೆಯಲ್ಲ’ ಎಂಬುದು ರೀಕಾಲಿಗೆ ಉತ್ತರವಲ್ಲ. ಚೆನ್ನಾಗಿ ಓಡುತ್ತಿರುವಾಗಲೇ ಸರಿಪಡಿಸಬೇಕೆಂಬುದೇ ಅದರ ಉದ್ದೇಶ.

ನಮ್ಮ ದೇಶದ ಕೆಲವು ಉದಾಹರಣೆಗಳು

ರೀಕಾಲ್ ಯಾವುದೋ ಪರದೇಶದ ಸಂಗತಿಯಲ್ಲ. ನಮ್ಮ ಹಳ್ಳಿಯ ರಸ್ತೆಗಳಲ್ಲಿ ದಿನವೂ ಕಾಣುವ ಗಾಡಿಗಳೇ ಈ ಪಟ್ಟಿಗಳಲ್ಲಿ ಬಂದಿವೆ. ಕೆಲವನ್ನು ಮಾತ್ರ ಇಲ್ಲಿ ಕೊಡುತ್ತೇವೆ.

2019ರಲ್ಲಿ ಮಾರುತಿ ಸುಜುಕಿ ಕಂಪನಿಯು 40,618 ವ್ಯಾಗನ್ ಆರ್ ಕಾರುಗಳನ್ನು ಪರೀಕ್ಷೆಗೆ ಕರೆಯಿತು. ಪೆಟ್ರೋಲು ಹರಿಯುವ ರಬ್ಬರ್ ಹೋಸು ಲೋಹದ ಕ್ಲಾಂಪಿಗೆ ತಾಗುವ ಸಂಭವವಿತ್ತು. ಉಜ್ಜಿ ಉಜ್ಜಿ ಹೋಸು ತೂತಾದರೆ ಬಿಸಿ ಎಂಜಿನ್ನಿನ ಬಳಿ ಪೆಟ್ರೋಲು ಸೋರುತ್ತದೆ. ಮುಂದಿನ ವರ್ಷ, 2020ರ ಜುಲೈಯಲ್ಲಿ, ಅದೇ ಕಂಪನಿಯು ವ್ಯಾಗನ್ ಆರ್ ಮತ್ತು ಬಲೇನೊ ಸೇರಿ 1,34,885 ಕಾರುಗಳನ್ನು ಇಂಧನ ಪಂಪಿನ ದೋಷಕ್ಕಾಗಿ ಕರೆಯಿತು.

2021ರ ಸೆಪ್ಟೆಂಬರಿನಲ್ಲಿ ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಝಾ, ಎಸ್-ಕ್ರಾಸ್, ಎಕ್ಸ್‌ಎಲ್6 ಎಂಬ ಪೆಟ್ರೋಲ್ ಗಾಡಿಗಳಲ್ಲಿ 1,81,754ನ್ನು ಕರೆಯಲಾಯಿತು. ಎಂಜಿನ್ನಿಗೆ ಜೋಡಿಸಿದ ಮೋಟಾರ್ ಜನರೇಟರ್ ಘಟಕದಲ್ಲಿ ಲೋಪವಿರಬಹುದೆಂಬುದು ಕಾರಣ. ಭಾಗ ಬದಲಿಸುವವರೆಗೆ ನೀರು ನಿಂತ ಜಾಗದಲ್ಲಿ ಗಾಡಿ ಓಡಿಸಬೇಡಿ, ವಿದ್ಯುತ್ ಭಾಗಗಳ ಮೇಲೆ ನೇರವಾಗಿ ನೀರು ಹೊಡೆಯಬೇಡಿ ಎಂದು ಕಂಪನಿಯು ಎಚ್ಚರಿಕೆ ಕೊಟ್ಟಿತು. ಮಳೆಗಾಲದಲ್ಲಿ ಹಳ್ಳ ದಾಟಿ ತೋಟಕ್ಕೆ ಹೋಗುವವರು, ಔಷಧಿ ಹೊಡೆಯುವ ಪಂಪಿನಿಂದಲೇ ಕಾರು ತೊಳೆಯುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅಂಥವರಿಗೆ ಇದಕ್ಕಿಂತ ಮುಖ್ಯವಾದ ಸೂಚನೆ ಇನ್ನೊಂದಿಲ್ಲ. ಆದರೆ ಆ ಸೂಚನೆ ತಲುಪಬೇಕಲ್ಲ!

2023ರ ಜನವರಿಯಲ್ಲಿ 17,362 ಮಾರುತಿ ಕಾರುಗಳ ಏರ್‌ಬ್ಯಾಗ್ ನಿಯಂತ್ರಕದಲ್ಲಿ ಲೋಪದ ಶಂಕೆ ಬಂದಿತು. ಆಗ ಕಂಪನಿಯು ಭಾಗ ಬದಲಿಸುವವರೆಗೆ ಗಾಡಿಯನ್ನು ಓಡಿಸಲೇಬೇಡಿ ಎಂದು ಹೇಳಿತು. ಅದೇ ವರ್ಷದ ಜುಲೈಯಲ್ಲಿ 87,599 ಎಸ್-ಪ್ರೆಸ್ಸೊ ಮತ್ತು ಈಕೊ ಗಾಡಿಗಳನ್ನು ಸ್ಟಿಯರಿಂಗ್ ಟೈ ರಾಡಿಗಾಗಿ ಕರೆಯಲಾಯಿತು. ಟೈ ರಾಡ್ ಮುರಿದರೆ ಸ್ಟಿಯರಿಂಗ್ ತಿರುಗಿಸಿದರೂ ಚಕ್ರ ನಮ್ಮ ಮಾತು ಕೇಳದು. ಘಾಟಿಯ ತಿರುವಿನಲ್ಲಿ ಹಾಗಾದರೆ ಗತಿಯೇನು?

ನಮ್ಮ ರಾಜ್ಯದ ಬಿಡದಿಯಲ್ಲಿರುವ ಟೊಯೋಟಾ ಕಾರ್ಖಾನೆಯಲ್ಲಿ ತಯಾರಾಗುವ ಗ್ರ್ಯಾಂಡ್ ವಿಟಾರಾ ಕಾರುಗಳಲ್ಲಿ 39,506ನ್ನು 2025ರ ನವೆಂಬರಿನಲ್ಲಿ ಕರೆಯಲಾಯಿತು. ಟ್ಯಾಂಕಿನಲ್ಲಿ ಎಷ್ಟು ಇಂಧನವಿದೆ ಎಂದು ತೋರಿಸುವ ಮುಳ್ಳು ಸುಳ್ಳು ಹೇಳಬಹುದೆಂಬುದು ಅದರ ಕಾರಣ. ಕೇಳಿದರೆ ಸಣ್ಣ ವಿಷಯ, ರಾತ್ರಿ ಹೆದ್ದಾರಿಯ ನಡುವೆ ಲಾರಿಗಳ ಮುಂದೆ ಗಾಡಿ ನಿಂತಾಗ ಸಣ್ಣದಲ್ಲ.

ಕಾಲ ಕಳೆದಂತೆ ಬಲಿಯುವ ದೋಷಗಳೂ ಉಂಟು. ಜಪಾನಿನ ತಕಾತಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಗಾಳಿ ತುಂಬಿಸುವ ರಾಸಾಯನಿಕವು ಶಾಖ ಮತ್ತು ತೇವದಿಂದ ವರ್ಷಗಳ ಮೇಲೆ ಕೆಡುತ್ತಿತ್ತು. ಅಪಘಾತದಲ್ಲಿ ಚೀಲ ಉಬ್ಬುವ ಬದಲು ಲೋಹದ ಡಬ್ಬಿಯೇ ಒಡೆದು ಚೂರುಗಳು ಕುಳಿತವರ ಮೇಲೆ ಸಿಡಿದ ಘಟನೆಗಳು ಹಲವು ದೇಶಗಳಲ್ಲಿ ನಡೆದು ಜನ ಸತ್ತರು. ಆ ಕಾರಣದಿಂದ ಹೋಂಡಾ ಕಂಪನಿಯು ನಮ್ಮ ದೇಶದಲ್ಲಿ 2017ರ ಜನವರಿಯಲ್ಲಿ 41,580 ಕಾರುಗಳನ್ನು ಕರೆಯಿತು. ಶಾಖವೂ ತೇವವೂ ಧಾರಾಳವಾಗಿರುವ ನಮ್ಮ ಸೀಮೆಯಲ್ಲಿ ಹಳೆಯ ಕಾರು ಇಟ್ಟುಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಇಷ್ಟು ಬರೆದದ್ದು ಯಾವ ಕಂಪನಿಯನ್ನೂ ದೂರುವುದಕ್ಕಲ್ಲ. ತನ್ನ ಲೋಪವನ್ನು ತಾನೇ ಹೇಳಿ ಸರಿಪಡಿಸುವ ಕಂಪನಿಯು ಮುಚ್ಚಿಡುವ ಕಂಪನಿಗಿಂತ ಮೇಲು.

ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ 1966ರಷ್ಟು ಹಿಂದೆಯೇ ವಾಹನ ಸುರಕ್ಷತೆಗೆ ಕಾನೂನು ಬಂದಿತು. ನಮ್ಮಲ್ಲಿ ಬಹುಕಾಲ ಇದು ಕಂಪನಿಗಳ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. 2012ರಲ್ಲಿ ವಾಹನ ತಯಾರಕರ ಸಂಘವು ತನ್ನ ಸದಸ್ಯರಿಗೆ ಸ್ವಯಂಪ್ರೇರಿತ ರೀಕಾಲಿನ ನಿಯಮಾವಳಿಯನ್ನು ಮಾಡಿಕೊಂಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ 110-ಎ ಎಂಬ ಹೊಸ ಕಲಮು ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು.

ಈ ಕಲಮಿನ ಸಾರ ಇಷ್ಟು. ಪರಿಸರಕ್ಕೆ, ಚಾಲಕನಿಗೆ, ಒಳಗೆ ಕುಳಿತವರಿಗೆ ಅಥವಾ ರಸ್ತೆಯ ಮೇಲಿನ ಇತರರಿಗೆ ಹಾನಿ ತರುವ ದೋಷ ಒಂದು ಬಗೆಯ ಗಾಡಿಗಳಲ್ಲಿ ಇದೆಯೆಂದು ಕಂಡುಬಂದರೆ, ಅವನ್ನು ಹಿಂದಕ್ಕೆ ಕರೆಯುವಂತೆ ಕೇಂದ್ರ ಸರ್ಕಾರವು ತಯಾರಕರಿಗೆ ಆಜ್ಞೆ ಮಾಡಬಹುದು. ಆಗ ತಯಾರಕರು ಗಾಡಿಯ ಬೆಲೆಯನ್ನು ಮರಳಿಸಬೇಕು, ಇಲ್ಲವೇ ಬೇರೆ ಗಾಡಿ ಕೊಡಬೇಕು ಅಥವಾ ದೋಷವನ್ನು ಸರಿಪಡಿಸಬೇಕು. ಇದರ ಮೇಲೆ ದಂಡವೂ ಉಂಟು, ಅದು 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ. ತಾನಾಗಿಯೇ ದೋಷವನ್ನು ತಿಳಿಸಿ ರೀಕಾಲ್ ಮಾಡಿದ ತಯಾರಕರಿಗೆ ಆ ದಂಡವಿಲ್ಲ. ಸರ್ಕಾರದ ಆಜ್ಞೆಯ ರೀಕಾಲು 7 ವರ್ಷದೊಳಗಿನ ಗಾಡಿಗಳಿಗೆ ಅನ್ವಯಿಸುತ್ತದೆ. ಆದರೆ ಕಂಪನಿಯು ಹಿಂದೆಯೇ ಘೋಷಿಸಿದ್ದ ಕೆಲಸ ನಿಮ್ಮ ಹಳೆಯ ಗಾಡಿಯಲ್ಲಿ ಬಾಕಿ ಉಳಿದಿದೆಯೇ ಎಂದು ಕೇಳುವುದಕ್ಕೆ ವಯಸ್ಸಿನ ಅಡ್ಡಿಯಿಲ್ಲ.

ಪತ್ರ ಏಕೆ ತಲುಪುವುದಿಲ್ಲ?

ಇಲ್ಲಿಯೇ ನಮ್ಮಂಥವರ ತೊಂದರೆ ಇರುವುದು. ಕಂಪನಿಯ ಪುಸ್ತಕದಲ್ಲಿ ಇರುವುದು ಗಾಡಿಯನ್ನು ಮೊದಲು ಕೊಂಡವರ ಹೆಸರು, ವಿಳಾಸ, ಫೋನ್ ನಂಬರು. ಗಾಡಿ ಎರಡು ಕೈ ಬದಲಾಗಿ ಹುಮನಾಬಾದಿನಿಂದ ಮಲೆನಾಡಿಗೆ ಬಂದರೂ ಪತ್ರ ಹೋಗುವುದು ಹುಮನಾಬಾದಿಗೇ. ಅದನ್ನು ಕಂಡವರು ‘ಮಾರಿದ ಗಾಡಿಯ ಗೊಡವೆ ನಮಗೇಕೆ’ ಎಂದು ಸುಮ್ಮನಾಗುತ್ತಾರೆ.

ನಮ್ಮ ಸದಸ್ಯರೊಬ್ಬರ ಸಂಗತಿ ಹೀಗಾಯಿತು. ಆ ಕಡೆಯಿಂದ ತಂದ ಸಣ್ಣ ಪೆಟ್ರೋಲ್ ಕಾರಿನಲ್ಲಿ ದೂರ ಓಡಿಸಿದಾಗಲೆಲ್ಲ ಪೆಟ್ರೋಲಿನ ವಾಸನೆ ಬರುತ್ತಿತ್ತು. ಎರಡು ಸಲ ಪೇಟೆಯ ಗ್ಯಾರೇಜಿನಲ್ಲಿ ದುಡ್ಡು ಕೊಟ್ಟು ಪೈಪು ಬಿಗಿ ಮಾಡಿಸಿದರು. ಹದಿನೈದು ದಿನಕ್ಕೆ ವಾಸನೆ ಮತ್ತೆ ಬಂತು. ಸಾಲದ ಕಾಗದಕ್ಕೆಂದು ಸಂಘಕ್ಕೆ ಬಂದವರ ಆರ್.ಸಿ.ಯಿಂದ ಚಾಸಿಸ್ ನಂಬರು ತೆಗೆದು ನಾವು ವಿಚಾರಿಸಿದೆವು. ಆ ಗಾಡಿ ಪಟ್ಟಿಯಲ್ಲಿ ಇತ್ತು, ಕೆಲಸ ಬಾಕಿ ಇತ್ತು. ಅರ್ಧ ದಿನದಲ್ಲಿ ಭಾಗ ಬದಲಾಯಿತು, ಬಿಲ್ಲಿನಲ್ಲಿ ಸೊನ್ನೆ. ಅಷ್ಟು ದಿನ ಆ ಕಾರಿನಲ್ಲಿ ಅವರ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಆದುದರಿಂದ ಒಂದು ಮಾತನ್ನು ನೆನಪಿಡಬೇಕು: ರೀಕಾಲ್ ಎಂಬುದು ಗಾಡಿಗೆ ಸೇರಿದ್ದು, ಕೊಂಡವರಿಗಲ್ಲ. ಎರಡನೆಯ, ಮೂರನೆಯ ಮಾಲೀಕರಿಗೂ ಅದೇ ಉಚಿತ ರಿಪೇರಿ. ವಾರಂಟಿ ಮುಗಿದಿದೆ, ಸರ್ವಿಸನ್ನು ಹೊರಗೆ ಮಾಡಿಸಿದ್ದೀರಿ ಎಂಬ ನೆಪ ಇದಕ್ಕಿಲ್ಲ.

ವಿಚಾರಿಸುವ ಕ್ರಮ

1. ಆರ್.ಸಿ.ಯಲ್ಲಿ ಅಥವಾ ವಿಮೆಯ ಪಾಲಿಸಿಯಲ್ಲಿ ಚಾಸಿಸ್ ನಂಬರು ಇರುತ್ತದೆ. ಅದು 17 ಅಕ್ಷರ ಮತ್ತು ಅಂಕಿಗಳದ್ದು. ಆರಂಭದ ಮೂರು ಅಕ್ಷರಗಳು ತಯಾರಕರ ಗುರುತು. ಎಂಎ3 ಎಂದಿದ್ದರೆ ಮಾರುತಿ, ಎಂಎಎಲ್ ಎಂದಿದ್ದರೆ ಹ್ಯುಂಡೈ, ಎಂಎಟಿ ಎಂದಿದ್ದರೆ ಟಾಟಾ, ಎಂಎ1 ಎಂದಿದ್ದರೆ ಮಹೀಂದ್ರ.

2. ಬರೆದುಕೊಳ್ಳುವಾಗ ಎಚ್ಚರ ಬೇಕು. ಈ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಬಳಸುವುದಿಲ್ಲ. ದುಂಡಗೆ ಕಂಡದ್ದು ಸೊನ್ನೆಯೇ, ನೆಟ್ಟಗೆ ಗೀಟಿನಂತೆ ಕಂಡದ್ದು ಒಂದೇ. ಆರ್.ಸಿ.ಯ ನಂಬರನ್ನು ಗಾಡಿಯ ಮೇಲೆ ಕೊರೆದ ನಂಬರಿನೊಡನೆ ತಾಳೆ ನೋಡಿರಿ. ತಾಳೆಯಾಗದಿದ್ದರೆ ರೀಕಾಲಿಗಿಂತ ದೊಡ್ಡ ತೊಂದರೆ ಇದೆಯೆಂದು ತಿಳಿಯಿರಿ.

3. ಆ ನಂಬರನ್ನು ಆಯಾ ಕಂಪನಿಯ ಯಾವುದಾದರೂ ಅಧಿಕೃತ ವರ್ಕ್‌ಶಾಪಿಗೆ ಹೇಳಿ, ‘ಈ ಗಾಡಿಗೆ ರೀಕಾಲ್ ಕೆಲಸ ಬಾಕಿ ಇದೆಯೇ?’ ಎಂದು ಕೇಳಿರಿ. ಮಕ್ಕಳ ಮೊಬೈಲಿನಲ್ಲಿ ಕಂಪನಿಯ ಜಾಲತಾಣದಲ್ಲಿಯೂ ನೋಡಬಹುದು. ಗಾಡಿ ಕೊಂಡ ಊರಿಗೇ ಹೋಗಬೇಕೆಂದಿಲ್ಲ.

4. ಬಾಕಿ ಇದ್ದರೆ ದಿನ ಗೊತ್ತುಮಾಡಿಕೊಂಡೇ ಹೋಗಿರಿ. ಭಾಗ ಬಂದಿರದಿದ್ದರೆ ಐವತ್ತು ಮೈಲಿ ಹೋಗಿ ಬರಿಗೈಯಲ್ಲಿ ಮರಳಬೇಕಾದೀತು. ಅದುವರೆಗೆ ಗಾಡಿ ಓಡಿಸಬಹುದೇ ಎಂದೂ ಕೇಳಿರಿ.

5. ಕೆಲಸವಾದ ಮೇಲೆ ‘ರೀಕಾಲ್ ಕೆಲಸ ಮಾಡಲಾಗಿದೆ’ ಎಂದು ಬರೆದ ಜಾಬ್ ಕಾರ್ಡಿನ ಪ್ರತಿಯನ್ನು ಪಡೆದು ಆರ್.ಸಿ.ಯ ಜೊತೆ ಇಡಿರಿ. ನಿಮ್ಮ ಹೆಸರು, ವಿಳಾಸ, ಫೋನ್ ನಂಬರನ್ನು ಅವರ ಪುಸ್ತಕದಲ್ಲಿ ಸೇರಿಸಿರೆಂದು ಹೇಳಿರಿ. ಮುಂದಿನ ಪತ್ರ ನಿಮಗೇ ಬರುತ್ತದೆ.

6. ಕೊಂಡ ಗಾಡಿಯನ್ನು 30 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕೆಂಬುದು ಕಾನೂನು. ಹಿಂದಿನವರ ಹೆಸರಿನಲ್ಲೇ ವರ್ಷಗಟ್ಟಲೆ ಓಡಿಸುವುದು ಬೇಡ.

ಆಟೋ ನಗರದ ಮೇಸ್ತ್ರಿಯೂ ಅಧಿಕೃತ ಡೀಲರೂ

ಬಸವಕಲ್ಯಾಣಕ್ಕೆ ಹೋದವರಿಗೆ ಸಸ್ತಾಪುರ ಬಂಗ್ಲಾ ಗೊತ್ತಿರುತ್ತದೆ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಿಂದ ಊರಿಗೆ ತಿರುಗುವ ಜಾಗ ಅದು. ಬಸವಕಲ್ಯಾಣದ ಆಟೋ ನಗರವು ಲಾರಿಗಳ ರಿಪೇರಿಗೂ ಬಾಡಿ ಕೆಲಸಕ್ಕೂ ಹೆಸರಾದದ್ದು. ಅಲ್ಲಿಯ ಮೇಸ್ತ್ರಿಗಳ ಕೈಚಳಕವನ್ನು ನಾವು ಕಡಿಮೆಯೆಂದು ಹೇಳುವುದಿಲ್ಲ. ನಮ್ಮೂರ ಗ್ಯಾರೇಜಿನವರನ್ನೂ ಹಾಗೆಯೇ. ಮಧ್ಯರಾತ್ರಿ ತೋಟದ ಕಣಿವೆಗೆ ಬಂದು ಜೀಪು ಹೊರಡಿಸಿಕೊಟ್ಟವರು ಅವರು.

ಆದರೆ ರೀಕಾಲ್ ಕೆಲಸ ಕೈಚಳಕದ ಪ್ರಶ್ನೆಯಲ್ಲ. ಯಾವ ಚಾಸಿಸ್ಸಿಗೆ ಯಾವ ದೋಷ ಎಂಬ ಪಟ್ಟಿ ಅವರ ಬಳಿ ಇರುವುದಿಲ್ಲ. ತಿದ್ದಿ ತಯಾರಿಸಿದ ಹೊಸ ಭಾಗವೂ ಅವರಿಗೆ ಕಂಪನಿಯಿಂದ ಬರುವುದಿಲ್ಲ. ಅವರು ಹಾಕುವ ಭಾಗಕ್ಕೆ ನೀವು ದುಡ್ಡು ಕೊಡುತ್ತೀರಿ, ಕಂಪನಿಯ ಪುಸ್ತಕದಲ್ಲಿ ಮಾತ್ರ ಆ ಕೆಲಸ ಬಾಕಿಯೆಂದೇ ಉಳಿಯುತ್ತದೆ. ಬೇರೆ ಯಾವ ರಿಪೇರಿಗೆ ಎಲ್ಲಿಗಾದರೂ ಹೋಗಿರಿ, ಇದೊಂದಕ್ಕೆ ಅಧಿಕೃತ ವರ್ಕ್‌ಶಾಪಿಗೇ ಹೋಗಬೇಕು.

ಯಾವುದು ಉಚಿತ, ಯಾವುದು ಅಲ್ಲ?

ರೀಕಾಲ್ ಎಂದೊಡನೆ ಇಡೀ ಗಾಡಿಯನ್ನು ಹೊಸದು ಮಾಡಿಕೊಡುತ್ತಾರೆಂದು ತಿಳಿಯಬಾರದು. ಘೋಷಿಸಿದ ಆ ಒಂದು ದೋಷದ ಪರೀಕ್ಷೆ, ಭಾಗ, ಕೂಲಿ ಮಾತ್ರ ಉಚಿತ. ಸವೆದ ಟಯರು, ಬ್ರೇಕ್ ಪ್ಯಾಡು, ಕ್ಲಚ್ಚು, ಬ್ಯಾಟರಿ ಇವಕ್ಕೆ ನಮ್ಮ ಜೇಬೇ ಗತಿ. ಅದೇ ವೇಳೆ ಬೇರೆ ಕೆಲಸ ಮಾಡಿಸಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ‘ಸರ್ವಿಸ್ ಮಾಡಿಸಿದರೆ ಮಾತ್ರ ರೀಕಾಲ್ ಮಾಡುತ್ತೇವೆ’ ಎಂದರೆ ಒಪ್ಪಬೇಡಿರಿ. ಆ ದೋಷಕ್ಕಾಗಿ ಮೊದಲೇ ದುಡ್ಡು ಕೊಟ್ಟು ಭಾಗ ಬದಲಿಸಿದ್ದರೆ ಬಿಲ್ಲನ್ನು ಒಯ್ದು ಮರುಪಾವತಿಯನ್ನು ಕೇಳಿ ನೋಡಿರಿ.

ಡೀಲರು ಒಪ್ಪದಿದ್ದರೆ?

ಮೊದಲು ಬರೆದು ಕೇಳಿರಿ, ಬಾಯಿಮಾತು ಸಾಲದು. ಚಾಸಿಸ್ ನಂಬರು, ಹೋದ ದಿನ, ಅವರು ಹೇಳಿದ ಉತ್ತರ ಇಷ್ಟನ್ನು ಬರೆದು ಕಂಪನಿಯ ಗ್ರಾಹಕ ವಿಭಾಗಕ್ಕೆ ಕಳುಹಿಸಿರಿ. ಅದಕ್ಕೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿರಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ಗಾಡಿ ಬೀದರ ಜಿಲ್ಲೆಯಲ್ಲಿ ಕೊಂಡದ್ದು, ಆದುದರಿಂದ ಬೀದರಿಗೇ ಅಲೆಯಬೇಕೆಂಬ ಭಯ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರನು ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಾರಣ ಹುಟ್ಟಿದ 2 ವರ್ಷದೊಳಗೆ ಕೊಡಬೇಕು.

ರೀಕಾಲ್ ಘೋಷಣೆಯೇ ಆಗಿಲ್ಲ, ಆದರೆ ನಿಮ್ಮ ಗಾಡಿಯಲ್ಲಿ ಅಪಾಯದ ದೋಷ ಪದೇ ಪದೇ ಕಾಣುತ್ತಿದೆ ಎಂದಾದರೂ ಸುಮ್ಮನಿರಬಾರದು. ಮಾಲೀಕರ ದೂರುಗಳನ್ನು ಸ್ವೀಕರಿಸಲು ಕೇಂದ್ರ ಸಾರಿಗೆ ಇಲಾಖೆಯು ವಾಹನ್ ವ್ಯವಸ್ಥೆಯಲ್ಲಿ ಏರ್ಪಾಟು ಮಾಡಿದೆ. ಒಂದೇ ಬಗೆಯ ಗಾಡಿಯ ಬಗ್ಗೆ ಗೊತ್ತಾದ ಪ್ರಮಾಣದಲ್ಲಿ ದೂರುಗಳು ಬಂದರೆ ಸರ್ಕಾರವು ವಿಚಾರಣೆ ಮಾಡಿಸುತ್ತದೆ. ಒಬ್ಬರ ದೂರು ಗೊಣಗಾಟವಾಗಬಹುದು, ನೂರಾರು ಜನರ ದೂರು ಪುರಾವೆಯಾಗುತ್ತದೆ. ಸಹಕಾರ ಸಂಘದವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸದಸ್ಯರಿಗೆ ಸೂಚನೆ

ಕೊಯ್ಲು ಮುಗಿದು ಲೆಕ್ಕ ಚುಕ್ತಾ ಆದ ಮೇಲೆ ಸದಸ್ಯರು ಸಂಸಾರಸಮೇತ ದೂರ ಪ್ರಯಾಣ ಹೊರಡುವ ಕಾಲ ಬರುತ್ತದೆ. ಬಸವ ಜಯಂತಿಯ ಸುಮಾರಿಗೆ ಬಸವಕಲ್ಯಾಣಕ್ಕೆ, ಹಾಗೆಯೇ ಹುಮನಾಬಾದಿನ ವೀರಭದ್ರೇಶ್ವರನ ದರ್ಶನಕ್ಕೆ, ಮಾಣಿಕನಗರಕ್ಕೆ ಹೋಗಿಬರುವವರು ಪ್ರತಿವರ್ಷವೂ ಇದ್ದಾರೆ. ಚಿತ್ರದುರ್ಗದಿಂದ ಹೊಸಪೇಟೆ, ವಿಜಯಪುರ, ಕಲಬುರಗಿಯ ಮೇಲೆ ಹುಮನಾಬಾದಿಗೆ ಹೋಗುವ 50ನೆಯ ಹೆದ್ದಾರಿಯಲ್ಲಿ ಬೇಸಿಗೆಯ ಬಿಸಿಲು ಬಹಳ, ಲಾರಿಗಳೂ ಬಹಳ. ಊರೊಳಗೆ ಇಪ್ಪತ್ತು ಮೈಲಿ ಓಡುವಾಗ ಅಡಗಿದ್ದ ದೋಷ ಅಂಥ ಪ್ರಯಾಣದಲ್ಲಿ ಹೊರಬೀಳಬಹುದು. ಮಳೆಗೆ ಮುಂಚೆ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುವವರು, ಪ್ರಯಾಣಕ್ಕೆ ಮುಂಚೆ ಗಾಡಿಯ ನಂಬರನ್ನು ವಿಚಾರಿಸಬಾರದೇ?

ಗಾಡಿಯುಳ್ಳ ಸದಸ್ಯರು ಸಂತೆಯ ದಿನ ಬರುವಾಗ ಆರ್.ಸಿ.ಯ ಒಂದು ನಕಲನ್ನು ತಂದು ಸಂಘದ ಕಚೇರಿಯಲ್ಲಿ ಕೊಡಬೇಕೆಂದು ಕೋರುತ್ತೇವೆ. ಗುಮಾಸ್ತರು ನಂಬರುಗಳನ್ನು ಬರೆದುಕೊಂಡು ಆಯಾ ಕಂಪನಿಯ ವರ್ಕ್‌ಶಾಪುಗಳಲ್ಲಿ ವಿಚಾರಿಸಿ, ಕೆಲಸ ಬಾಕಿ ಇರುವವರಿಗೆ ತಿಳಿಸುತ್ತಾರೆ. ಇದಕ್ಕೆ ಶುಲ್ಕವಿಲ್ಲ. ತಮ್ಮ ಹಳೆಯ ಗಾಡಿಯನ್ನು ಮಾರಿದ ಸದಸ್ಯರಲ್ಲಿಯೂ ಒಂದು ವಿನಂತಿ: ಅದರ ಹೆಸರಿನಲ್ಲಿ ಕಂಪನಿಯಿಂದ ಪತ್ರ ಬಂದರೆ ಹರಿದು ಹಾಕಬೇಡಿರಿ. ಕೊಂಡವರಿಗೆ ಒಂದು ಫೋನ್ ಮಾಡಿರಿ. ಆ ಗಾಡಿಯಲ್ಲಿಯೂ ಯಾರದೋ ಮಕ್ಕಳು ಕುಳಿತಿರುತ್ತಾರೆ.

— ಕಾರ್ಯದರ್ಶಿ